ರಜೆಯಲ್ಲಿ ಮಕ್ಕಳ ಕೈಗೆ ಕೂಲಿಯಲ್ಲ, ಕಲಿಕೆ
(ಪುಣೆಯ ಕನ್ನಡ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಮೇ ರಜೆ ಬಂತೆಂದರೆ ನಮ್ಮ ಚಾಳಿನ ಮಕ್ಕಳಿಗೆ ಎರಡೇ ದಾರಿ: ಬೀದಿ ಅಲೆಯುವುದು, ಇಲ್ಲವೆ ಅಪ್ಪನ ಹಿಂದೆ ಹೋಟೆಲಿಗೆ ಬರುವುದು. ನಮ್ಮಲ್ಲಿ ಅನೇಕರು ಹೀಗೆ ರಜೆಗೆಂದು ಬಂದು ಕಪ್ಪು-ಬಸಿ ತೊಳೆಯಲು ನಿಂತವರೇ. ಮರಳಿ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಹೋಟೆಲುಗಳಲ್ಲಿ ಮಕ್ಕಳನ್ನು ದುಡಿಸಬಾರದೆಂಬ ನಿಷೇಧ ಜಾರಿಗೆ ಬಂದದ್ದು 2006ರ ಅಕ್ಟೋಬರ್ 10ರಂದು. ನಮ್ಮ ಪಾಲಿಗೆ ಅದು ತಡವಾಯಿತು. ನಮ್ಮ ಮಕ್ಕಳಿಗೆ ತಡವಾಗಬಾರದು.

ಮಕ್ಕಳ ಕೈಗೆ ಕೆಲಸ ಬೇಡವೆಂದಲ್ಲ. ಬೇಕು, ಆದರೆ ಅದು ಕಲಿಯುವ ಕೆಲಸವಾಗಿರಲಿ. ಇದೇ ಪುಣೆಯ ಟೆಲ್ಕೊ ಕಾರ್ಖಾನೆಯಲ್ಲಿ ಇಂಜಿನಿಯರಾಗಿದ್ದ ಅರವಿಂದ ಗುಪ್ತಾ ಅವರು 1978ರಲ್ಲಿ ಒಂದು ವರ್ಷ ರಜೆ ಪಡೆದು ಹೋಶಂಗಾಬಾದಿನ ಹಳ್ಳಿ ಶಾಲೆಗಳ ವಿಜ್ಞಾನ ಕಾರ್ಯಕ್ರಮ ಸೇರಿದರು. ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬು, ಇಷ್ಟರಿಂದಲೇ ಪಾಠ ಕಟ್ಟಿದರು. ಮುಂದೆ ಪುಣೆಯ ಅಯುಕಾ ಸಂಸ್ಥೆಯ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ವರ್ಷಗಟ್ಟಲೆ ಕಸದಿಂದ ಆಟಿಕೆ ಮಾಡಿಸಿ ಕಲಿಸಿದರು.

ನಾವೂ ಮಾಡಿ ನೋಡೋಣ. ಕಡ್ಡಿಯ ತಲೆಯ ಮದ್ದನ್ನು ದೊಡ್ಡವರು ಮೊದಲೇ ಕೆರೆದು ತೆಗೆಯಲಿ. ಟ್ಯೂಬಿನ ತುಂಡುಗಳಿಂದ ನಾಲ್ಕು ಕಡ್ಡಿ ಜೋಡಿಸಿದರೆ ಚೌಕ, ಒತ್ತಿದರೆ ಓರೆಯಾಗುತ್ತದೆ. ಮೂರು ಕಡ್ಡಿಯ ತ್ರಿಕೋನ ಒತ್ತಿದರೂ ಅಲುಗದು. ಗಿರಣಿಯ ತಗಡಿನ ಮಾಡನ್ನು ಹೊತ್ತ ಕಬ್ಬಿಣದಲ್ಲಿ ತ್ರಿಕೋನಗಳಿರುವುದು ಇದಕ್ಕೇ. ನಮ್ಮ ಗಿರಣಿ ಅಣ್ಣಂದಿರು ಅದರಡಿಯಲ್ಲೇ ದುಡಿದರು. ಏಕೆ ಹಾಗೆಂದು ಯಾರೂ ಹೇಳಿಕೊಡಲಿಲ್ಲ.

ಈ ಮೇ ತಿಂಗಳು ಸಂಘದ ಕೋಣೆ ಮಕ್ಕಳಿಗೆ ತೆರೆದಿರಲಿ. ಮಧ್ಯಾಹ್ನ ಬಿಡುವಿದ್ದಾಗ ಹೋಟೆಲಿನವರು, ಪಾಳಿ ಮುಗಿಸಿ ಗಿರಣಿಯವರು, ಎರಡು ತಾಸು ಅವರ ಜೊತೆ ಕುಳಿತರೆ ಸಾಕು. ಅವರೊಡನೆ ನಾವೂ ಕಲಿಯೋಣ.