ಬೆಲೆ ಇಳಿಸುವ ಪೈಪೋಟಿ: ಸಣ್ಣ ಅಂಗಡಿಯವರು ಮಾಡಬೇಕಾದುದೇನು?

(ಗದಗ-ಬೆಟಗೇರಿಯಲ್ಲಿ ಕಿರಾಣಿ ವರ್ತಕರೂ ಗಿರಣಿ ಕಾರ್ಮಿಕರೂ ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಯನ್ನು ಕರೆದವರು ಕಿರಾಣಿ ಅಂಗಡಿಯವರು. ದೊಡ್ಡ ಮಳಿಗೆಯವರು ಸಕ್ಕರೆ, ಎಣ್ಣೆಗಳನ್ನು ನಮ್ಮ ಖರೀದಿಯ ದರಕ್ಕಿಂತಲೂ ಕೆಳಗೆ ಮಾರುತ್ತಿದ್ದಾರೆ, ಫೋನಿನಲ್ಲಿ ಸಾಮಾನು ತರಿಸುವವರು ದಿನದಿನಕ್ಕೆ ಹೆಚ್ಚುತ್ತಿದ್ದಾರೆ, ನಮ್ಮ ಗಲ್ಲಾ ಬರಿದಾಗುತ್ತಿದೆ ಎಂಬುದು ಇವರ ದೂರು. ಪಕ್ಷವು ಒಂದು ದಿನದ ಬಂದ್ ಕರೆಯಬೇಕು, ಊರಿನ ಅಂಗಡಿಗಳಿಗೆಲ್ಲ ಒಂದೇ ದರ ಕಟ್ಟಿಕೊಡಬೇಕು, ಆ ದರಕ್ಕಿಂತ ಕೆಳಗೆ ಮಾರಿದವನಿಗೆ ದಂಡ ಹಾಕಬೇಕು ಎಂದು ಇವರು ನಮ್ಮನ್ನು ಕೇಳಿದ್ದಾರೆ. ಇನ್ನೊಂದು ಕಡೆಗೆ ಕುಳಿತಿರುವ ಕಾರ್ಮಿಕರ ಮನಸ್ಸಿನಲ್ಲಿರುವ ಮಾತೂ ನಮಗೆ ಗೊತ್ತಿದೆ. ‘ಅಗ್ಗಕ್ಕೆ ಸಿಕ್ಕರೆ ನಮಗೇನು ನಷ್ಟ? ಇಷ್ಟು ದಿನ ಇವರು ನಮಗೆ ಕಡಿಮೆ ತೂಗಲಿಲ್ಲವೇ?’ ಎಂದು ಇವರು ಕೇಳುತ್ತಾರೆ. ಇಬ್ಬರಿಗೂ ಉತ್ತರ ಹೇಳಲೆಂದೇ ನಾವು ಬಂದಿದ್ದೇವೆ. ಇಬ್ಬರಿಗೂ ರುಚಿಸದ ಮಾತುಗಳನ್ನು ಆಡಬೇಕಾದೀತು. ಸಿಟ್ಟಾಗದೆ ಕೇಳಿರಿ.

ಮೊದಲು ಒಂದು ಅಂಗಡಿಯ ಕಥೆ ಹೇಳುತ್ತೇವೆ. ಹೆಸರು ಬೇಡ, ಇಲ್ಲಿ ಬಹಳ ಜನ ಅವರನ್ನು ಬಲ್ಲಿರಿ. ಕಾರ್ಮಿಕರ ಚಾಳಿನ ಮೂಲೆಯಲ್ಲಿ ಇಪ್ಪತ್ತೆರಡು ವರ್ಷ ಅಂಗಡಿ ನಡೆಸಿದ ಹಿರಿಯರು. ಗಿರಣಿಯಲ್ಲಿ ಪಗಾರ ನಿಂತ ಮೂರು ತಿಂಗಳು ಅವರು ಜೋಳ, ಬೇಳೆ, ಎಣ್ಣೆಗಳನ್ನು ಉದ್ರಿ ಕೊಟ್ಟರು. ‘ಇಂದು ನಗದು, ನಾಳೆ ಉದ್ರಿ’ ಎಂಬ ಹಲಗೆ ಅವರ ಅಂಗಡಿಯಲ್ಲೂ ತೂಗುತ್ತಿತ್ತು. ಆದರೆ ಆ ಮೂರು ತಿಂಗಳು ಅದನ್ನು ತಿರುಗಿಸಿ ಹಾಕಿದ್ದರು. ಮುಂದೆ ದೊಡ್ಡ ಮಳಿಗೆ ಬಂದಿತು. ಸಕ್ಕರೆಯ ದರ ಇಳಿಯಿತು, ಇವರೂ ಇಳಿಸಿದರು. ಅವರು ಮತ್ತೆ ಇಳಿಸಿದರು, ಇವರೂ ಮತ್ತೆ ಇಳಿಸಿದರು. ಐದು ತಿಂಗಳಲ್ಲಿ ಅಂಗಡಿಯ ಬಾಗಿಲು ಮುಚ್ಚಿತು. ಮುಚ್ಚಿದ ದಿನ ಅವರ ವಹಿಯಲ್ಲಿ ನಮ್ಮ ಕಾರ್ಮಿಕರ ಹೆಸರಿನಲ್ಲಿ ಬರಬೇಕಾಗಿದ್ದ ಬಾಕಿ ಒಂದು ಲಕ್ಷ ಎಂಬತ್ತು ಸಾವಿರ ರೂಪಾಯಿ. ಆ ಬಾಕಿ ಉಳಿಸಿಕೊಂಡವರಲ್ಲಿ ಕೆಲವರು ಕೈಯಲ್ಲಿ ನಗದು ಬಂದ ದಿನ ದೊಡ್ಡ ಮಳಿಗೆಗೆ ಹೋಗುತ್ತಿದ್ದರು.

ಈ ಕಥೆಯಲ್ಲಿ ಎರಡು ತಪ್ಪುಗಳಿವೆ. ಒಂದು ಅಂಗಡಿಯವರದು, ಇನ್ನೊಂದು ನಮ್ಮದು.

ಅಂಗಡಿಯವರ ತಪ್ಪನ್ನು ಲೆಕ್ಕದಿಂದ ತೋರಿಸುತ್ತೇವೆ. ಲಾಭ-ನಷ್ಟದ ಲೆಕ್ಕವನ್ನು ಮಕ್ಕಳಿಗೆ ಹಲವು ವರ್ಷ ಹೇಳಿಕೊಟ್ಟವರು ನಾವು, ಕರಿಹಲಗೆ ಇಲ್ಲದಿದ್ದರೂ ಹೇಳಬಲ್ಲೆವು. ಒಂದು ಕಿಲೋ ಸಕ್ಕರೆ ನಿಮಗೆ 40 ರೂಪಾಯಿಗೆ ಬೀಳುತ್ತದೆ, ನೀವು 44ಕ್ಕೆ ಮಾರುತ್ತೀರಿ ಎನ್ನೋಣ. ತಿಂಗಳಿಗೆ ಸಾವಿರ ಕಿಲೋ ಮಾರಿದರೆ ಉಳಿಯುವುದು 4,000 ರೂಪಾಯಿ. ಎದುರಾಳಿಯನ್ನು ನೋಡಿ ದರವನ್ನು 42ಕ್ಕೆ ಇಳಿಸಿದಿರಿ. ಗಿರಾಕಿಯ ಕಣ್ಣಿಗೆ ಅದು ಎರಡೇ ರೂಪಾಯಿ, ನಿಮ್ಮ ಗಳಿಕೆಯಲ್ಲಿ ಅದು ಅರ್ಧ. ಅದೇ 4,000 ಗಳಿಸಲು ಈಗ ಎರಡು ಸಾವಿರ ಕಿಲೋ ಮಾರಬೇಕು. 41ಕ್ಕೆ ಇಳಿಸಿದರೆ ನಾಲ್ಕು ಸಾವಿರ ಕಿಲೋ. ಸಕ್ಕರೆ ಅಗ್ಗವಾಯಿತೆಂದು ಚಾಳಿನ ಜನ ನಾಲ್ಕು ಪಟ್ಟು ಚಹಾ ಕುಡಿಯುತ್ತಾರೆಯೇ? ಅಂಗಡಿಯ ಬಾಡಿಗೆ, ವಿದ್ಯುತ್ತಿನ ಬಿಲ್ಲು, ಹುಡುಗನ ಪಗಾರ ಇಳಿಯುತ್ತವೆಯೇ? ಬಂಡವಾಳವುಳ್ಳವನು ಒಂದು ಊರಿನ ನಷ್ಟವನ್ನು ಹತ್ತು ಊರುಗಳ ಲಾಭದಿಂದ ತುಂಬಿಕೊಳ್ಳುತ್ತಾನೆ. ನೀವು ಹೆಂಡತಿಯ ಕೊರಳಿನ ಒಡವೆಯಿಂದ ತುಂಬಿಕೊಳ್ಳಬೇಕು. ಆದುದರಿಂದ ನಮ್ಮ ಮೊದಲನೆಯ ಮಾತು: ಯಾರು, ಏಕೆ, ಹೇಗೆ ಇಳಿಸಿದ್ದಾರೆಂದು ತಿಳಿಯುವ ಮೊದಲು ನೀವು ಇಳಿಸಬೇಡಿರಿ.

ಬೆಲೆ ಇಳಿಸುವವರೆಲ್ಲರೂ ಒಂದೇ ಜಾತಿಯವರಲ್ಲ. ನಾವು ಕಂಡಂತೆ ಅವರಲ್ಲಿ ನಾಲ್ಕು ಬಗೆ.

ಒಂದನೆಯವನು ತೂಕದಲ್ಲಿ ಕದಿಯುವವನು, ಮಾಲಿನಲ್ಲಿ ಬೆರೆಸುವವನು. ಅವನ ಅಗ್ಗವು ಅಗ್ಗವೇ ಅಲ್ಲ. ಅಗ್ಗದಾಸೆಗೆ ಮುಗ್ಗಿದ ಜೋಳ ಕೊಂಡಂತೆ ಎಂಬ ಗಾದೆ ಹುಟ್ಟಿದ್ದೇ ಇಂಥವನಿಂದ. ಇವನಿಗೆ ಎದುರು ನಿಲ್ಲಲು ದರ ಇಳಿಸಬೇಕಾಗಿಲ್ಲ, ನಿಮ್ಮ ತಕ್ಕಡಿ ಸರಿಯಿದ್ದರೆ ಸಾಕು. 2009ರ ಕಾನೂನುಬದ್ಧ ಮಾಪನ ಕಾಯಿದೆಯ ಪ್ರಕಾರ ತಕ್ಕಡಿಗೂ ಕಲ್ಲಿಗೂ ಸರಕಾರದ ಮುದ್ರೆ ಇರಬೇಕು. ತೂಕದ ಯಂತ್ರದ ಮುಖವನ್ನು ಗಿರಾಕಿಯ ಕಡೆಗೆ ತಿರುಗಿಸಿ ಇಡಿರಿ. ಇಷ್ಟು ಮಾಡಲು ಸಭೆ, ಬಂದ್ ಯಾವುದೂ ಬೇಡ. ‘ಇಷ್ಟು ದಿನ ಕಡಿಮೆ ತೂಗಲಿಲ್ಲವೇ’ ಎಂಬ ಪ್ರಶ್ನೆಗೆ ನಿಮ್ಮಲ್ಲಿ ಎಷ್ಟು ಜನ ಎದ್ದು ನಿಂತು ಇಲ್ಲವೆನ್ನಬಲ್ಲಿರಿ? ನಾವು ಉತ್ತರ ಕೇಳುತ್ತಿಲ್ಲ, ನಾಳೆಯಿಂದ ಸರಿಪಡಿಸಿಕೊಳ್ಳಿರಿ ಎನ್ನುತ್ತೇವೆ.

ಎರಡನೆಯವನು ನಿಮ್ಮ ಪಕ್ಕದ ಅಂಗಡಿಯವನೇ. ಅಡತಿಯವರ ಬಿಲ್ಲು ಶುಕ್ರವಾರ ಕಟ್ಟಬೇಕು, ಕೈಯಲ್ಲಿ ರೊಕ್ಕವಿಲ್ಲ. ಆದ್ದರಿಂದ ಗುರುವಾರ ಸಿಕ್ಕ ದರಕ್ಕೆ ಮಾರುತ್ತಾನೆ. ಇವನು ನಿಮ್ಮ ವೈರಿಯಲ್ಲ, ಮುಳುಗುತ್ತಿರುವವನು. ಇವನೊಡನೆ ದರದ ಜಗಳಕ್ಕೆ ಇಳಿದರೆ ಇಬ್ಬರೂ ಮುಳುಗುತ್ತೀರಿ. ದಂಡ ಹಾಕುವ ಬದಲು ಹತ್ತು ದಿನಕ್ಕೆ ಒಂದು ಚೀಲ ಮಾಲು ಕೈಗಡ ಕೊಟ್ಟರೆ ದರ ತಾನೇ ನಿಲ್ಲುತ್ತದೆ.

ಮೂರನೆಯವನು ಖರೀದಿಯಲ್ಲಿಯೇ ಅಗ್ಗ ಪಡೆಯುವವನು. ನೀವು ಐದು ಚೀಲ ಕೊಂಡಾಗ ಅವನು ಲಾರಿಗಟ್ಟಲೆ ಕೊಳ್ಳುತ್ತಾನೆ. ಇದರಲ್ಲಿ ಮೋಸವಿಲ್ಲ. ಇವನ ಹಾದಿಯನ್ನು ನೀವೂ ಹಿಡಿಯಬಹುದು, ಆದರೆ ಒಬ್ಬೊಬ್ಬರಾಗಿ ಅಲ್ಲ. ಇದನ್ನು ಮುಂದೆ ಹೇಳುತ್ತೇವೆ.

ನಾಲ್ಕನೆಯವನು ಬೇಕೆಂದೇ ನಷ್ಟಕ್ಕೆ ಮಾರುವವನು. ಸಕ್ಕರೆ, ಎಣ್ಣೆಯಂಥ ಎರಡು ಮೂರು ಸರಕುಗಳ ದರ ಮಾತ್ರ ಎಲ್ಲರ ಬಾಯಲ್ಲಿರುತ್ತದೆ. ಅವುಗಳನ್ನು ನೆಲಕ್ಕೆ ಇಳಿಸಿ, ಒಳಗೆ ಬಂದ ಗಿರಾಕಿಗೆ ಉಳಿದದ್ದನ್ನೆಲ್ಲ ಪೂರ್ತಿ ದರಕ್ಕೆ ಮಾರುತ್ತಾನೆ. ಅಥವಾ ವರ್ಷಗಟ್ಟಲೆ ನಷ್ಟ ಸಹಿಸಿ ಎದುರಿನ ಅಂಗಡಿಗಳೆಲ್ಲ ಮುಚ್ಚಲೆಂದು ಕಾಯುತ್ತಾನೆ. ಇನ್ನೂ ಒಂದು ದಾರಿಯುಂಟು. ತನ್ನಲ್ಲಿ ದುಡಿಯುವ ಹುಡುಗ ಹುಡುಗಿಯರನ್ನು ಹನ್ನೆರಡು ತಾಸು ನಿಲ್ಲಿಸಿ, ಸಾಮಾನು ಹೊತ್ತು ಮನೆಮನೆಗೆ ಓಡುವವನಿಗೆ ಕನಿಷ್ಠ ಕೂಲಿಯನ್ನೂ ಕೊಡದೆ ಉಳಿಸಿದ ಹಣವನ್ನೇ ‘ರಿಯಾಯಿತಿ’ ಎಂದು ಹಂಚುತ್ತಾನೆ. ಕಾರ್ಮಿಕ ಮಿತ್ರರೇ, ಆ ಹುಡುಗರು ಯಾರ ಮಕ್ಕಳು? ನಿಮ್ಮ ಮಕ್ಕಳೇ. ಹಾಗಾದರೆ ಒಂದು ಕೈಯಲ್ಲಿ ಪಡೆದ ಮೂರು ರೂಪಾಯಿಯನ್ನು ಇನ್ನೊಂದು ಕೈಯಿಂದ ನೀವೇ ಕೊಟ್ಟಂತಾಯಿತು.

ಈ ನಾಲ್ಕನೆಯವನನ್ನು ತಡೆಯಲು ಕಾನೂನಿಲ್ಲವೇ ಎಂದು ಕೇಳುತ್ತೀರಿ. ಇದೆ. 2002ರ ಸ್ಪರ್ಧಾ ಕಾಯಿದೆಯ ನಾಲ್ಕನೆಯ ಕಲಮು, ಎದುರಾಳಿಯನ್ನು ಮುಗಿಸಲೆಂದು ವೆಚ್ಚಕ್ಕಿಂತ ಕೆಳಗೆ ಮಾರುವುದನ್ನು ನಿಷೇಧಿಸುತ್ತದೆ. ಆದರೆ ಹಾಗೆ ಮಾರಿದವನು ಮಾರುಕಟ್ಟೆಯಲ್ಲಿ ಪ್ರಬಲನೆಂದು ಮೊದಲು ಸಿದ್ಧವಾಗಬೇಕು. ನೂರು ಕಡೆ ನಷ್ಟಕ್ಕೆ ಮಾರಿದರೂ ‘ನಾನಿನ್ನೂ ಪ್ರಬಲನಾಗಿಲ್ಲ’ ಎಂದು ಅವನು ಹೇಳಬಹುದು. ವಿದೇಶಿ ಬಂಡವಾಳದ ಅಂತರಜಾಲ ಮಾರುಕಟ್ಟೆಗಳು ಸರಕಿನ ಮಾರಾಟದ ಬೆಲೆಯ ಮೇಲೆ ನೇರವಾಗಿಯಾಗಲಿ ಬಳಸು ದಾರಿಯಿಂದಾಗಲಿ ಪ್ರಭಾವ ಬೀರಕೂಡದೆಂಬ ನಿಯಮ 2016ರಿಂದ ಜಾರಿಯಲ್ಲಿದೆ. ಇವುಗಳನ್ನು ಬಿಗಿಯಾಗಿ ಜಾರಿಗೊಳಿಸಿರೆಂದು ಹೋರಾಡುವುದು ಪಕ್ಷದ ಕೆಲಸ, ಅದನ್ನು ನಾವು ಮಾಡುತ್ತೇವೆ. ಕಾರಖಾನೆಯ ಸರಕಿನ ಬೆಲೆ ಉತ್ಪಾದನೆಯ ವೆಚ್ಚದ ಒಂದೂವರೆ ಪಟ್ಟನ್ನು ಮೀರಬಾರದೆಂದು ಡಾ. ಲೋಹಿಯಾ ಅವರು ಸಾರಿದರು. ಬೆಲೆಗೆ ಮೇಲೊಂದು ಗೆರೆ ಬೇಕೆಂಬುದು ಸಮಾಜವಾದಿಗಳ ಹಳೆಯ ಮಾತು. ಬಂಡವಾಳದ ಬಲದಿಂದ ಬೆಲೆಯನ್ನು ನೆಲಕ್ಕೆ ತುಳಿಯುವವನಿಗೆ ಕೆಳಗೂ ಒಂದು ಗೆರೆ ಬೇಕೆಂದು ಇಂದು ನಾವು ಸೇರಿಸುತ್ತೇವೆ.

ಆದರೆ ಕಾನೂನನ್ನೇ ನಂಬಿ ಕೂಡ್ರಬೇಡಿರಿ. ಬೆಟಗೇರಿಯ ನೇಕಾರರು ಈ ಪಾಠವನ್ನು ನಿಮಗಿಂತ ಮೊದಲೇ ಕಲಿತಿದ್ದಾರೆ. ವಿದ್ಯುತ್ ಮಗ್ಗದ ಅಗ್ಗದ ಸೀರೆಯಿಂದ ಕೈಮಗ್ಗವನ್ನು ಉಳಿಸಲೆಂದು 1985ರಲ್ಲಿ ಕಾಯಿದೆ ಬಂದಿತು. ವಿದ್ಯುತ್ ಮಗ್ಗದವರು ನ್ಯಾಯಾಲಯಕ್ಕೆ ಹೋದರು. ಸುಪ್ರೀಂ ಕೋರ್ಟು ಕಾಯಿದೆಯನ್ನು ಎತ್ತಿಹಿಡಿದದ್ದು 1993ರಲ್ಲಿ. ಮೊದಲು 22 ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆ ಮೀಸಲಿಟ್ಟಿದ್ದರು, ಆಮೇಲೆ 11ಕ್ಕೆ ಇಳಿಸಿದರು. ಕಾನೂನು ಬರುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಮಗ್ಗದ ಕುಣಿ ಮುಚ್ಚಿತ್ತು.

ಈಗ ನಿಮ್ಮ ಬೇಡಿಕೆಗೆ ಬರೋಣ. ಎಲ್ಲರೂ ಕೂಡಿ ಒಂದೇ ದರ ಕಟ್ಟಬೇಕು, ಇಳಿಸಿದವನಿಗೆ ದಂಡ ಹಾಕಬೇಕು ಎಂದಿರಿ. ಅದಕ್ಕೆ ನಾವು ಒಪ್ಪುವುದಿಲ್ಲ. ವರ್ತಕರು ಕೂಡಿ ದರ ಕಟ್ಟುವುದು ಅದೇ ಸ್ಪರ್ಧಾ ಕಾಯಿದೆಯ ಮೂರನೆಯ ಕಲಮಿನ ಪ್ರಕಾರ ನಿಷಿದ್ಧವೆನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಇಲ್ಲಿ ಕುಳಿತಿರುವ ಕಾರ್ಮಿಕರು. ಇವರ ತಾಟಿನಿಂದ ಒಂದು ತುತ್ತು ತೆಗೆದು ನಿಮ್ಮ ಅಂಗಡಿ ಉಳಿಸುವುದಾದರೆ, ನಿಮಗೂ ಆ ದೊಡ್ಡ ಮಳಿಗೆಗೂ ವ್ಯತ್ಯಾಸವೇನು? ಬಂದ್‌ಗೂ ನಾವು ಒಪ್ಪುವುದಿಲ್ಲ. ನೀವು ಬಾಗಿಲು ಹಾಕಿದ ದಿನ ಅವರ ಬಾಗಿಲಲ್ಲಿ ಎರಡು ಪಟ್ಟು ಗಿರಾಕಿಗಳು ನಿಲ್ಲುತ್ತಾರೆ.

ಹಾಗಾದರೆ ಮಾಡಬೇಕಾದುದೇನು? ಮಾರುವಾಗ ಕೂಡಬೇಡಿರಿ, ಕೊಳ್ಳುವಾಗ ಕೂಡಿರಿ. ಇದು ನಮ್ಮ ಎರಡನೆಯ ಮಾತು, ಮುಖ್ಯವಾದ ಮಾತು.

ಹತ್ತು ಅಂಗಡಿಗಳವರು ಐದೈದು ಚೀಲ ಸಕ್ಕರೆಯನ್ನು ಬೇರೆ ಬೇರೆಯಾಗಿ ತರುತ್ತೀರಿ. ಒಂದಾಗಿ ತಂದರೆ ಐವತ್ತು ಚೀಲ, ಇಪ್ಪತ್ತೈದು ಕ್ವಿಂಟಲ್. ಕಿಲೋಗೆ ಒಂದೇ ರೂಪಾಯಿ ಇಳಿದರೂ ಒಂದು ಖೇಪಿಗೆ 2,500 ರೂಪಾಯಿ ಉಳಿಯಿತು. ಬೇಳೆ, ಎಣ್ಣೆ, ಸಾಬೂನುಗಳಿಗೂ ಇದೇ ಲೆಕ್ಕ. ಇಂಥ ಕೆಲಸಕ್ಕೆ ದೂರದ ಉದಾಹರಣೆ ಬೇಕಾಗಿಲ್ಲ. 1904ರಲ್ಲಿ ಸಹಕಾರಿ ಕಾಯಿದೆ ಬಂದಿತು. ಮರುವರ್ಷವೇ, 1905ರಲ್ಲಿ, ನಮ್ಮ ಪಕ್ಕದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಪತ್ತಿನ ಸಂಘ ಕಟ್ಟಿದರು. ಸಾಲಗಾರರ ಬಡ್ಡಿಗೆ ಬೆದರಿದ ಒಕ್ಕಲಿಗರು ಮಾಡಿದ್ದನ್ನು ಲೆಕ್ಕ ಬಲ್ಲ ವರ್ತಕರು ಮಾಡಲಾರಿರಾ?

ದೂರದ್ದೂ ಒಂದು ಉದಾಹರಣೆ ಹೇಳುತ್ತೇವೆ, ಏಕೆಂದರೆ ಅದರಲ್ಲಿ ಕಾರ್ಮಿಕರಿಗೆ ಪಾಠವಿದೆ. ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಗಿರಣಿ ಊರಿನಲ್ಲಿ 1844ರಲ್ಲಿ 28 ಜನ ದುಡಿಯುವವರು, ಅವರಲ್ಲಿ ನೇಕಾರರೂ ಇದ್ದರು, ತಲೆಗೆ ಒಂದು ಪೌಂಡಿನಂತೆ ಕೂಡಿಸಿ ಅಂಗಡಿ ತೆರೆದರು. ಹಿಟ್ಟು, ಬೆಣ್ಣೆ, ಸಕ್ಕರೆ, ತೋಕೆಗೋಧಿಯ ನುಚ್ಚು, ಇಂಥ ಕೆಲವೇ ಸರಕುಗಳು ಅವರ ಮಾಲು. ಅವರು ಪೇಟೆಯ ದರಕ್ಕಿಂತ ಕೆಳಗೆ ಮಾರಲಿಲ್ಲ ಎಂಬುದನ್ನು ಗಮನಿಸಿರಿ. ಪೇಟೆಯ ದರಕ್ಕೇ ಮಾರಿದರು, ಶುದ್ಧ ಮಾಲು ಕೊಟ್ಟರು, ಪೂರ್ತಿ ತೂಗಿದರು, ಉದ್ರಿ ಕೊಡಲಿಲ್ಲ. ಉಳಿದ ಲಾಭವನ್ನು ಯಾರು ಎಷ್ಟು ಕೊಂಡರೋ ಅಷ್ಟಕ್ಕೆ ತಕ್ಕಂತೆ ಹಂಚಿದರು. ದರದ ಜಗಳಕ್ಕೆ ಇಳಿಯದೆಯೇ ಅವರು ಗೆದ್ದರು. ಅವರ ಕಟ್ಟಳೆಗಳೇ ಲೋಕದ ಸಹಕಾರ ಚಳುವಳಿಗೆ ಬುನಾದಿಯಾದವು.

ಉದ್ರಿಯ ಮಾತು ಬಂದಿತು. ನಿಮ್ಮ ವಹಿಯಲ್ಲಿ ಯಾವಾಗಲೂ 40,000 ರೂಪಾಯಿ ಬಾಕಿ ನಿಂತಿರುತ್ತದೆ ಎನ್ನಿರಿ. ನೂರಕ್ಕೆ ತಿಂಗಳಿಗೆ ಎರಡರಂತೆ ಅದರ ಬಡ್ಡಿ 800 ರೂಪಾಯಿ, ವರ್ಷಕ್ಕೆ 9,600. ಈ ಭಾರವನ್ನು ಈಗ ನಗದು ಕೊಡುವ ಗಿರಾಕಿಯೂ ಹೊರುತ್ತಿದ್ದಾನೆ. ಅವನೇ ಮೊದಲು ಓಡಿಹೋಗುವವನು. ಆದ್ದರಿಂದ ನಗದು ಕೊಟ್ಟವನಿಗೆ ನೂರಕ್ಕೆ ಎರಡು ರೂಪಾಯಿ ಬಿಟ್ಟುಕೊಡಿರಿ, ಅದನ್ನು ಹಲಗೆಯ ಮೇಲೆ ಬರೆದು ಹಾಕಿರಿ. ಇದು ಸಾಲ ಮಾಡಿ ದರ ಇಳಿಸಿದಂತೆ ಅಲ್ಲ, ಉಳಿದ ಬಡ್ಡಿಯನ್ನು ಹಂಚಿದಂತೆ.

ಇನ್ನು ದೊಡ್ಡ ಮಳಿಗೆ ಮಾಡಲಾರದ್ದು ನಿಮ್ಮ ಕೈಯಲ್ಲಿದೆ. ಹತ್ತು ರೂಪಾಯಿಯ ಮೆಣಸಿನಕಾಯಿ, ಐದು ರೂಪಾಯಿಯ ಬೆಲ್ಲ ಕಟ್ಟಿಕೊಡುವವರು ನೀವೇ. ಎರಡನೇ ಪಾಳಿ ಬಿಟ್ಟು ಬರುವವನಿಗಾಗಿ ರಾತ್ರಿ ಬಾಗಿಲು ತೆರೆದಿಡುವವರು ನೀವೇ. ಹಾಳಾದ ಬೇಳೆಯನ್ನು ಮರುಮಾತಿಲ್ಲದೆ ಹಿಂದಕ್ಕೆ ಪಡೆಯಬಲ್ಲವರೂ ನೀವೇ, ಪಡೆಯಿರಿ. ಸಕ್ಕರೆಯ ದರದಲ್ಲಿ ಅವರನ್ನು ಬೆನ್ನಟ್ಟಬೇಡಿರಿ. ನಷ್ಟ ತುಂಬಿಕೊಳ್ಳಲು ಅಂಗಡಿಯ ಹುಡುಗನ ಪಗಾರಕ್ಕೆ ಕೈ ಹಾಕಲೇಬೇಡಿರಿ. ಹಾಗೆ ಮಾಡಿದ ದಿನ ಪಕ್ಷದ ಬಾವುಟ ನಿಮ್ಮ ಪರವಾಗಿ ಅಲ್ಲ, ಆ ಹುಡುಗನ ಪರವಾಗಿ ಏಳುತ್ತದೆ.

ಕೊನೆಯದಾಗಿ ನಮ್ಮ ತಪ್ಪು. ಕಾರ್ಮಿಕ ಮಿತ್ರರೇ, ಅಗ್ಗಕ್ಕೆ ಕೊಳ್ಳಬೇಡಿರೆಂದು ನಾವು ಹೇಳುವುದಿಲ್ಲ. ಬಡವನು ಪೈಸೆಯ ಲೆಕ್ಕ ಹಾಕುವುದು ಪಾಪವಲ್ಲ. ಆದರೆ ಲೆಕ್ಕವನ್ನು ಪೂರ್ತಿ ಹಾಕಿರಿ. ಐದು ಕಿಲೋ ಸಕ್ಕರೆಯಲ್ಲಿ ಹದಿನೈದು ರೂಪಾಯಿ ಉಳಿಯಿತು, ಸರಿ. ಹೋಗಿಬರುವ ಆಟೋಗೆ ಎಷ್ಟಾಯಿತು? ಬೇಡವಾದರೂ ಕಣ್ಣಿಗೆ ಬಿದ್ದು ಬುಟ್ಟಿ ಸೇರಿದ್ದು ಎಷ್ಟು? ತಾಯಂದಿರು ತಿಂಗಳ ಇಪ್ಪತ್ತು ಸಾಮಾನುಗಳ ಯಾದಿ ಬರೆದು ಎರಡೂ ಕಡೆಯ ದರವನ್ನು ಹೋಲಿಸಿ ನೋಡಲಿ. ಅಂಗಡಿಯವನೇ ದುಬಾರಿಯೆಂದು ಕಂಡರೆ ಆ ಯಾದಿಯನ್ನು ಅವನ ಮುಂದೆಯೇ ಇಡಲಿ. ಮತ್ತು ಹಳೆಯ ಬಾಕಿ ಉಳಿಸಿಕೊಂಡು ಹೊಸ ನಗದನ್ನು ಬೇರೆ ಕಡೆ ಒಯ್ಯುವುದು ಮಾತ್ರ ನ್ಯಾಯವಲ್ಲ. ಮುಂದಿನ ಸಲ ಪಗಾರ ನಿಂತಾಗ, ಮುಷ್ಕರ ಹೂಡಿದಾಗ, ಆ ದೊಡ್ಡ ಮಳಿಗೆಯವನು ನಿಮ್ಮ ಮುಖ ನೋಡಿ ಒಂದು ಸೇರು ಜೋಳ ಕೊಡುತ್ತಾನೆಯೇ?

ನಾವು ಹೇಳುವುದಿಷ್ಟೆ. ಬರುವ ಭಾನುವಾರ ಇದೇ ಜಾಗದಲ್ಲಿ, ಕೂಡಿ ಕೊಳ್ಳಲು ಒಪ್ಪುವ ಹತ್ತು ಅಂಗಡಿಯವರು ತಮ್ಮ ಖರೀದಿಯ ಬಿಲ್ಲುಗಳೊಂದಿಗೆ ಬರಲಿ. ಲೆಕ್ಕ ಬರೆಯಲು ನಾವು ಕೂಡ್ರುತ್ತೇವೆ. ಬರುವ ಬಟವಾಡೆಯ ದಿನ ಬಾಕಿಯಿದ್ದ ಕಾರ್ಮಿಕರು ಕೈಲಾದಷ್ಟು ಹಣವನ್ನು ಆ ಹಿರಿಯರ ಮನೆಗೆ ಮುಟ್ಟಿಸಲಿ. ಅವರ ಅಂಗಡಿಯ ಬಾಗಿಲು ಮುಚ್ಚಿದೆ, ವಹಿ ಇನ್ನೂ ತೆರೆದೇ ಇದೆ. ನಮ್ಮ ಹೆಸರಿನಲ್ಲಿಯೂ ಅದರಲ್ಲಿ 640 ರೂಪಾಯಿ ಬಾಕಿ ಇತ್ತು. ಈ ದಿನ ಬೆಳಿಗ್ಗೆ ಕೊಟ್ಟು ಬಂದು, ಆಮೇಲೆಯೇ ನಿಮ್ಮ ಮುಂದೆ ನಿಂತಿದ್ದೇವೆ.