ನಾಲಿಗೆಯೂ ಹಾಡಲಿ, ಮನಸ್ಸೂ ಹಾಡಲಿ
(ಸಂತ ಸಿಸಿಲಿಯರ ಹಬ್ಬದ ಪ್ರಬೋಧನೆ, ನವೆಂಬರ್ 22)



ಇಂದು ಸಂಗೀತಗಾರರ ಪಾಲಕರಾದ ಸಂತ ಸಿಸಿಲಿಯರ ಹಬ್ಬ. ರೋಮಿನ ಈ ರಕ್ತಸಾಕ್ಷಿಯ ಬಗ್ಗೆ ಪರಂಪರೆ ಹೇಳುವ ಕಥೆ ಚಿಕ್ಕದು. ತಮ್ಮ ಮದುವೆಯ ಮನೆಯಲ್ಲಿ ವಾದ್ಯಗಳು ಮೊಳಗುತ್ತಿದ್ದಾಗ ಅವರು ತಮ್ಮ ಹೃದಯದೊಳಗೆ ದೇವರೊಬ್ಬರಿಗಾಗಿಯೇ ಹಾಡುತ್ತಿದ್ದರಂತೆ. ಹೊರಗೆ ಓಲಗ, ಒಳಗೆ ಪ್ರಾರ್ಥನೆ. ಧರ್ಮಸಭೆಯ ಸಂಗೀತಕ್ಕೆ ಈ ಒಳಗಿನ ಹಾಡೇ ಬೇರು.

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಕಡೆಯ ನಮ್ಮ ಧರ್ಮಕೇಂದ್ರಗಳಲ್ಲಿ ಈ ಹಬ್ಬದ ಹೊತ್ತಿಗೆ ಕ್ರಿಸ್ತಜಯಂತಿಯ ಹಾಡುಗಳ ಅಭ್ಯಾಸ ಆರಂಭವಾಗುತ್ತದೆ. ಅದರ ಜೊತೆಗೇ ಒಂದು ಹಳೆಯ ಲೆಕ್ಕವೂ ಶುರುವಾಗುತ್ತದೆ: ಯಾವ ಭಾಷೆಗೆ ಎಷ್ಟು ಹಾಡು? ಸ್ವಾತಂತ್ರ್ಯಾನಂತರ ಕೈಗಾರಿಕಾ ಬಡಾವಣೆಯಾಗಿ ಬೆಳೆದ ರಾಜಾಜಿನಗರಕ್ಕೆ ದುಡಿಮೆ ಅರಸಿ ಅನೇಕ ಕಡೆಗಳಿಂದ ಜನ ಬಂದರು. ನಮ್ಮ ನಡುವೆ ಕನ್ನಡ, ತಮಿಳು, ಕೊಂಕಣಿ, ಮಲಯಾಳ ಮಾತನಾಡುವವರಿದ್ದಾರೆ. ಒಂದೇ ಪರಮಪ್ರಸಾದ ಸ್ವೀಕರಿಸುವ ನಾವು ಒಂದು ಹಾಡಿಗಾಗಿ ಮುಖ ತಿರುಗಿಸಿಕೊಂಡು ಹೊರಟರೆ ಹಬ್ಬ ಆಚರಿಸಿದ್ದಾದರೂ ಏನು? ಆದ್ದರಿಂದ ಇಂದು ನಮ್ಮಲ್ಲಿ ಯಾರ ಮನೆಮಾತೂ ಅಲ್ಲದ ಲತೀನ್ ಹಾಡುಗಳ ಕುರಿತು ಧ್ಯಾನಿಸೋಣ.

ಲತೀನ್ ನಮಗೆ ದೂರದ್ದೇನಲ್ಲ. ನೆರೆಯ ಮಲ್ಲೇಶ್ವರದಲ್ಲಿರುವ ಸಂತ ಪೇತ್ರರ ಸೆಮಿನರಿ ಪುದುಚೇರಿಯಿಂದ 1934ರಲ್ಲಿ ಇಲ್ಲಿಗೆ ಬಂದಾಗ ಗುರುಶಿಕ್ಷಣದ ಭಾಷೆ ಲತೀನ್ ಆಗಿತ್ತು. 1960ರ ದಶಕದವರೆಗೆ ನಮ್ಮ ಬಲಿಪೂಜೆಯೂ ಲತೀನಿನಲ್ಲೇ. ಅಂದು ಬಾಲಕರಾಗಿ ಪೀಠಸೇವೆ ಮಾಡಿದವರಿಗೆ ಆ ಉತ್ತರಗಳು ಇಂದಿಗೂ ಬಾಯಿಪಾಠ. ಮಕ್ಕಳ ಹೆಸರು ಮರೆತ ಅಜ್ಜಿಯೂ ಪರಮಪ್ರಸಾದದ ಆಶೀರ್ವಾದದ ವೇಳೆ ‘ತಾಂತುಮ್ ಎರ್ಗೊ’ ಕೇಳಿದರೆ ತಡವರಿಸದೆ ಕೊನೆಯವರೆಗೆ ಹಾಡುವುದುಂಟು. ಆ ಗೀತೆ ಸಂತ ತೋಮಾಸ್ ಅಕ್ವಿನಾಸರದು. ಪೋಪ್ ನಾಲ್ಕನೆಯ ಉರ್ಬಾನರು 1264ರಲ್ಲಿ ಕ್ರಿಸ್ತನ ಪರಮ ಶರೀರದ ಹಬ್ಬವನ್ನು ಸ್ಥಾಪಿಸಿದಾಗ ಅವರು ರಚಿಸಿದ ದೀರ್ಘಗೀತೆಯ ಕೊನೆಯ ಎರಡು ಪದ್ಯಗಳಿವು. ಕಣ್ಣು ಕಾಣಲಾರದ್ದನ್ನು ವಿಶ್ವಾಸ ಕಾಣುತ್ತದೆ ಎಂಬುದು ಅದರ ತಿರುಳು. ಎಲ್ಲವೂ ಮರೆತ ಮನಸ್ಸಿನಲ್ಲಿ ಅದೊಂದು ಉಳಿದಿದೆಯೆಂದರೆ, ಅದು ಎಷ್ಟು ಆಳಕ್ಕೆ ಇಳಿದಿರಬೇಕು!

ಮಕ್ಕಳು ಕೀಬೋರ್ಡ್ ತರಗತಿಯಲ್ಲಿ ಕಲಿಯುವ ‘ದೋ ರೆ ಮಿ’ ಕೂಡ ಈ ಪರಂಪರೆಯದೇ. 11ನೆಯ ಶತಮಾನದಲ್ಲಿ ಅರೆಜ್ಜೊ ಊರಿನ ಗ್ವೀದೊ ಎಂಬ ಸನ್ಯಾಸಿ, ಸ್ನಾನಿಕ ಯೊವಾನ್ನರ ಲತೀನ್ ಗೀತೆಯೊಂದರ ಚರಣಗಳ ಮೊದಲ ಅಕ್ಷರಗಳಿಂದ ಸ್ವರಗಳಿಗೆ ಹೆಸರಿಟ್ಟರು: ಉತ್, ರೆ, ಮಿ, ಫಾ, ಸೋಲ್, ಲಾ. ‘ಉತ್’ ಮುಂದೆ ‘ದೋ’ ಆಯಿತು. ಗ್ರೆಗೋರಿಯನ್ ಗಾಯನವೂ ನಮ್ಮ ರಾಗಪದ್ಧತಿಯಂತೆ ಒಂದೇ ಸ್ವರಸಾಲಿನಲ್ಲಿ ನಡೆಯುವಂಥದು. ವಾದ್ಯದ ಆಸರೆಯಿಲ್ಲದೆ ಹಾಡಬಹುದು. ಸಾಮಾನ್ಯರ ಕಂಠಕ್ಕೂ ಎಟುಕುವ ಸರಳ ಸ್ವರಗಳು ಅದರಲ್ಲಿ ಬೇಕಾದಷ್ಟಿವೆ.

ಆದರೆ ಅರ್ಥವಾಗದ ಹಾಡಿನಿಂದ ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆ ನ್ಯಾಯವಾದದ್ದು. ಕೇಳುವವರಿಗೆ ಅರ್ಥವಾಗದ ಮಾತು ಸಭೆಯನ್ನು ಕಟ್ಟುವುದಿಲ್ಲ, ಆತ್ಮದಿಂದಲೂ ಬುದ್ಧಿಯಿಂದಲೂ ಹಾಡಬೇಕು ಎಂದು ಸಂತ ಪೌಲರು ಕೊರಿಂಥದವರನ್ನು ಎಚ್ಚರಿಸಿದ್ದಾರೆ. ಲತೀನಿನ ಕಾಲದಲ್ಲೂ ಧರ್ಮಸಭೆಗೆ ಈ ಚಿಂತೆ ಇತ್ತು. 1555ರ ಶುಭ ಶುಕ್ರವಾರದಂದು ಪೋಪ್ ಎರಡನೆಯ ಮಾರ್ಸೆಲುಸರು ತಮ್ಮ ಗಾಯಕರನ್ನು ಕರೆಸಿ, ದಿನದ ಭಾವಕ್ಕೆ ತಕ್ಕಂತೆ, ಮಾತುಗಳು ಸ್ಪಷ್ಟವಾಗಿ ಕೇಳುವಂತೆ ಹಾಡಿರೆಂದು ತಿಳಿಹೇಳಿದರು. ಮೂರು ವಾರಗಳಲ್ಲೇ ಅವರು ದೈವಾಧೀನರಾದರು. ಅವರ ಹೆಸರು ಹೊತ್ತ ಪಲೆಸ್ತ್ರೀನಾರವರ ಬಲಿಪೂಜಾ ಸಂಗೀತ 1567ರಲ್ಲಿ ಅಚ್ಚಾಯಿತು. ಆರು ಧ್ವನಿಗಳು ಒಂದರೊಡನೊಂದು ಹೆಣೆದುಕೊಂಡು ಸಾಗಿದರೂ ಪ್ರಾರ್ಥನೆಯ ಪದಗಳು ಅದರಲ್ಲಿ ಮುಳುಗಿಹೋಗುವುದಿಲ್ಲ.

ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ದೈವಾರಾಧನೆಯ ಸಂವಿಧಾನವನ್ನು ಹೊರಡಿಸಿ ಮಾತೃಭಾಷೆಗೆ ಬಾಗಿಲು ತೆರೆಯಿತು. ನಮ್ಮಂಥ ನಾಡುಗಳ ಸಂಗೀತಕ್ಕೆ ಗೌರವದ ಸ್ಥಾನ ಕೊಡಬೇಕೆಂದಿತು. ಭಜನೆ, ತಬಲ, ಹಾರ್ಮೋನಿಯಂ ದೇವಾಲಯದೊಳಗೆ ಬಂದವು. ದೇವರ ವಾಕ್ಯ ಕನ್ನಡದಲ್ಲಿ ಕಿವಿಗೆ ಬಿದ್ದದ್ದು ದೊಡ್ಡ ವರ. ಅದನ್ನು ಬಿಟ್ಟುಕೊಡುವ ಮಾತೇ ಇಲ್ಲ. ಆದರೆ ಅದೇ ಸಂವಿಧಾನವು ಬಲಿಪೂಜೆಯಲ್ಲಿ ಜನರಿಗೆ ಸೇರಿದ ಭಾಗಗಳನ್ನು ಅವರು ಲತೀನಿನಲ್ಲೂ ಒಟ್ಟಾಗಿ ಹೇಳಲು, ಹಾಡಲು ಬಲ್ಲವರಾಗಬೇಕು ಎಂದೂ ಹೇಳಿದೆ. ಇದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಪೋಪ್ ಆರನೆಯ ಪೌಲರು 1974ರಲ್ಲಿ ಸರಳ ಲತೀನ್ ಗೀತೆಗಳ ಕಿರುಪುಸ್ತಕವೊಂದನ್ನು ಜಗತ್ತಿನ ಧರ್ಮಾಧ್ಯಕ್ಷರಿಗೆಲ್ಲ ಕಳುಹಿಸಿದ್ದು ಈ ಉದ್ದೇಶಕ್ಕಾಗಿಯೇ.

ಅಷ್ಟಕ್ಕೂ ಪರಭಾಷೆಯ ಪದಗಳು ನಮ್ಮ ಪ್ರಾರ್ಥನೆಗೆ ಹೊಸತಲ್ಲ. ಆಮೆನ್, ಅಲ್ಲೆಲೂಯ, ಹೊಸಾನ್ನ ಹೀಬ್ರೂ ಮೂಲದವು. ‘ಕೀರಿಯೆ’ ಗ್ರೀಕ್. ಅರ್ಥ ತಿಳಿದು ಬಳಸಿದ್ದರಿಂದ ಅವು ನಮ್ಮವಾದವು. ಲತೀನಿನ ನಾಲ್ಕು ಗೀತೆಗಳೂ ಹಾಗೆಯೇ ನಮ್ಮವಾಗಬಾರದೇಕೆ? ಅಮ್ಮ ಕೊಟ್ಟ ದಿನಬಳಕೆಯ ಸೀರೆಯ ಜೊತೆಗೆ ಅಜ್ಜಿಯ ರೇಷ್ಮೆ ಸೀರೆಯೂ ಪೆಟ್ಟಿಗೆಯಲ್ಲಿರುತ್ತದೆ. ಅದನ್ನು ದಿನವೂ ಉಡುವುದಿಲ್ಲ, ಬಿಸಾಡುವುದೂ ಇಲ್ಲ. ಹಬ್ಬಕ್ಕೆ ತೆಗೆಯುತ್ತೇವೆ.

ಪ್ರಿಯರೇ, ಈ ಹಬ್ಬದಂದು ಮೂರು ಸಂಕಲ್ಪಗಳನ್ನು ಮಾಡೋಣ.

ಮೊದಲನೆಯದು, ಎಲ್ಲ ಭಾಷೆಯವರೂ ಕೂಡುವ ಹಬ್ಬದ ಪೂಜೆಯಲ್ಲಿ ‘ಸಾಂಕ್ತುಸ್’ ಆಗಲಿ ‘ಆನ್ಯುಸ್ ದೇಯಿ’ ಆಗಲಿ ಒಂದನ್ನಾದರೂ ಲತೀನಿನಲ್ಲಿ ಹಾಡೋಣ. ಅಲ್ಲಿ ಆತಿಥೇಯರೂ ಇಲ್ಲ, ಅತಿಥಿಗಳೂ ಇಲ್ಲ. ಎಲ್ಲರೂ ಕಲಿಯುವವರೇ. ಆದರೆ ಭಾಷೆಯ ಜಗಳ ತಪ್ಪಿಸುವ ಉಪಾಯವೆಂದು ಮಾತ್ರ ಹಾಡಿದರೆ ಸಾಲದು. ಆ ಒಂದು ಹಾಡು ಪಕ್ಕದವರ ಭಾಷೆಯ ಹಾಡಿಗೂ ನಮ್ಮ ದನಿಗೂಡಿಸುವ ಮನಸ್ಸನ್ನು ಕೊಡಬೇಕು.

ಎರಡನೆಯದು, ಅರ್ಥ ತಿಳಿಯದೆ ಹಾಡುವುದು ಬೇಡ. ಪದಗಳನ್ನು ಕನ್ನಡ ಅಕ್ಷರಗಳಲ್ಲಿ ಬರೆದು, ಕೆಳಗೆ ಕನ್ನಡದ ಅರ್ಥ ಕೊಟ್ಟ ಒಂದು ಹಾಳೆ ಪ್ರತಿ ಮನೆಗೂ ತಲುಪಲಿ. ಉಚ್ಚಾರಣೆ ಹೇಳಿಕೊಡಲು ಹಿರಿಯರಿದ್ದಾರೆ. ಅವರು ಇರುವಾಗಲೇ ಕೇಳಿ ಕಲಿಯೋಣ. ಸಂಜೆಯ ಜಪಸರದ ನಂತರ ಐದು ನಿಮಿಷ ಸಾಕು.

ಮೂರನೆಯದು ಗಾನವೃಂದದವರಿಗೆ. ನಿಮ್ಮ ಶ್ರಮ ದೊಡ್ಡದು. ಕೆಲಸ ಮುಗಿಸಿ, ಬಸ್ಸು ಮೆಟ್ರೊಗಳಲ್ಲಿ ನಿಂತು ಬಂದು ಅಭ್ಯಾಸಕ್ಕೆ ಕೂಡುತ್ತೀರಿ. ಆದರೆ ಜನರು ಮೂಕರಾಗಿ ನಿಂತು ಕೇಳುವಂತಾದರೆ ಅದು ಕಛೇರಿಯಾದೀತು, ಆರಾಧನೆಯಾಗದು. ನಾಲ್ಕು ಧ್ವನಿಯ ಒಂದು ಗೀತೆ ನೀವು ಹಾಡಿ, ನಾವು ಮೌನದಲ್ಲಿ ಪ್ರಾರ್ಥಿಸುತ್ತೇವೆ. ಮುಂದಿನದಕ್ಕೆ ನಮ್ಮನ್ನೂ ಕರೆಯಿರಿ. ಸ್ವರ ತಪ್ಪುವ ಹಿಂದಿನ ಬೆಂಚಿನ ಅಜ್ಜನ ದನಿಯೂ ದೇವರಿಗೆ ಬೇಕು.

ಕಡೆಯ ಭೋಜನದ ನಂತರ ಪ್ರಭು ಯೇಸು ಶಿಷ್ಯರೊಡನೆ ಕೀರ್ತನೆ ಹಾಡಿಯೇ ಓಲಿವ್ ಗುಡ್ಡಕ್ಕೆ ಹೊರಟರು. ಶಿಲುಬೆಯ ಹಾದಿ ಹಾಡಿನಿಂದ ಆರಂಭವಾಯಿತು. ಆ ಹಾಡಿನಲ್ಲಿ ದನಿಗೂಡಿಸಿದ ಶಿಷ್ಯರೆಲ್ಲರೂ ಒಂದೇ ಸ್ವಭಾವದವರಾಗಿರಲಿಲ್ಲ, ಆದರೂ ಒಂದೇ ಮೇಜಿನವರಾಗಿದ್ದರು. ಸಂತ ಸಿಸಿಲಿಯರ ಪ್ರಾರ್ಥನೆಯಿಂದ ನಮ್ಮ ಧರ್ಮಕೇಂದ್ರದ ಎಲ್ಲ ಕುಟುಂಬಗಳಿಗೂ ಆ ಒಂದೇ ಮೇಜಿನ ಮನಸ್ಸು ದೊರಕಲಿ. ನಮ್ಮ ನಾಲಿಗೆಯೂ ಮನಸ್ಸೂ ಕೂಡಿ ದೇವರನ್ನು ಸ್ತುತಿಸಲಿ. ಆಮೆನ್.