ಮೂಗಿಗೆ ಉಪ್ಪುನೀರು



ಸೀಮೆಸುಣ್ಣದ ಧೂಳಿನಲ್ಲಿ ದಿನ ಕಳೆಯುವ ನನಗೆ ಸೈನಸ್ ಹಳೆಯ ಪರಿಚಯ. ಹಣೆ ಭಾರ, ಮೂಗು ಕಟ್ಟಿದೆ ಎನ್ನುವವರು ನಿಮ್ಮಲ್ಲೂ ಬೇಕಾದಷ್ಟಿದ್ದೀರಿ. ಉಪ್ಪುನೀರಿನಿಂದ ಮೂಗು ತೊಳೆದರೆ ಗಟ್ಟಿ ಸಿಂಬಳ ಸಡಿಲಗೊಂಡು ಉಸಿರಾಟ ಹಗುರವಾಗುತ್ತದೆ. ಯೋಗದವರ ಜಲನೇತಿಯೂ ಇದೇ.

ಆದರೆ ನಲ್ಲಿ ನೀರನ್ನು ಹಾಗೆಯೇ ಬಳಸಬೇಡಿ. ನಾನು ನಿಂತಿರುವುದೇ ಇದನ್ನು ಹೇಳಲು. ನೇಗ್ಲೇರಿಯಾ ಎಂಬ ಅಮೀಬಾ ಮೂಗಿನ ಮೂಲಕ ಮಿದುಳಿಗೇರಿದರೆ ಬದುಕುವವರು ಬಹು ವಿರಳ. ಅದೇ ನೀರನ್ನು ಕುಡಿದರೆ ಈ ರೋಗ ಬರುವುದಿಲ್ಲ, ಅದೇ ವಿಚಿತ್ರ! 2011ರಲ್ಲಿ ಅಮೆರಿಕದ ಲೂಸಿಯಾನದಲ್ಲಿ ನಲ್ಲಿ ನೀರಿನಿಂದ ಮೂಗು ತೊಳೆದ ಇಬ್ಬರು ತೀರಿಕೊಂಡರು. ವುಝೂ ಮಾಡುವಾಗ ಮೂಗಿಗೆ ನೀರೆಳೆಯುವ ನಮಗೆ ಈ ಮಾತು ಇನ್ನೂ ಹತ್ತಿರದ್ದು. ಕರಾಚಿಯಲ್ಲಿ ಇಂಥ ಸಾವುಗಳಾದ ಮೇಲೆ, ವುಝೂವಿನಲ್ಲೂ ಮೂಗಿಗೆ ಕುದಿಸಿದ ನೀರನ್ನೇ ಬಳಸಿರೆಂದು ಅಲ್ಲಿನ ವೈದ್ಯರು ಹೇಳಿದ್ದಾರೆ.

ನೀರನ್ನು ಒಂದು ನಿಮಿಷ ಚೆನ್ನಾಗಿ ಕುದಿಸಿ, ಉಗುರುಬೆಚ್ಚಗಾಗಲು ಬಿಡಿ. 240 ಮಿ.ಲೀ. ನೀರಿಗೆ ಅರ್ಧ ಟೀ ಚಮಚ ಅಯೋಡಿನ್ ಇಲ್ಲದ ಉಪ್ಪು, ಚಿಟಿಕೆ ಅಡುಗೆ ಸೋಡಾ. ಉಪ್ಪಿಲ್ಲದ ಬರಿನೀರು ಮೂಗನ್ನು ಉರಿಸುತ್ತದೆ. ತಲೆ ವಾಲಿಸಿ, ಬಾಯಿಯಿಂದ ಉಸಿರಾಡುತ್ತಾ ಮೇಲಿನ ಹೊಳ್ಳೆಗೆ ಮೆಲ್ಲಗೆ ಸುರಿಯಿರಿ, ಕೆಳಗಿನದರಿಂದ ಹರಿದುಹೋಗುತ್ತದೆ. ಪಾತ್ರೆಯನ್ನು ತೊಳೆದು ಒಣಗಿಸಿಡಿ.

ಜೋರು ಜ್ವರ, ಕಣ್ಣಿನ ಸುತ್ತ ಊತ ಕಂಡರೆ, ಅಥವಾ 10 ದಿನವಾದರೂ ಗುಣವಾಗದಿದ್ದರೆ ಉಪ್ಪುನೀರು ನೆಚ್ಚಿ ಕೂರಬೇಡಿ, ವೈದ್ಯರಲ್ಲಿಗೆ ಹೋಗಿ.